ಭಾವನ ಬಿಯರು, ಅಕ್ಕನ ಅಡುಗೆಮನೆ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿಗೆ ಬೋರ್ಡಿನ ಮೇಲೆ ಶೇಖ್ ಹಮ್ದಾನ್ ಬಿನ್ ಮೊಹಮ್ಮದ್ ಸ್ಟ್ರೀಟ್ ಎಂಬ ಉದ್ದದ ಹೆಸರಿದೆ. ಅಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಟ್ಯಾಕ್ಸಿ ಮುಂದಿನ ಸಿಗ್ನಲ್ ದಾಟಿರುತ್ತದೆ. ಹಾಗಾಗಿ ‘ಹಮ್ದಾನ್’ ಅಂದರೆ ಸಾಕು. ಆಸುಪಾಸಿನ ಗ್ರೋಸರಿಗಳಲ್ಲಿ ಕುಚ್ಚಲಕ್ಕಿ ಸಿಗುತ್ತದೆ, ಪುನರ್ಪುಳಿ ಸಿಗುತ್ತದೆ, ಹಬ್ಬದ ಸಮಯಕ್ಕೆ ಬಾಳೆಲೆಯೂ ಬರುತ್ತದೆ. ಸಿಗುವುದನ್ನೆಲ್ಲ ಬಿಟ್ಟು ಸಿಗದಿರುವುದಕ್ಕೇ ಆಸೆಪಡುವುದು ನಮ್ಮ ಭಾವನ ಜಾತಕದಲ್ಲೇ ಬರೆದದ್ದು.

ಕಳೆದ ರಜೆಯಲ್ಲಿ ಅವರು ಬೆಂಗಳೂರಿನ ಇಂದಿರಾನಗರದ ಒಂದು ಬ್ರೂಪಬ್ಬಿನಲ್ಲಿ ಕೂತು ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ ಎಂಬ ಬಿಯರು ಕುಡಿದರು. ವಾಪಸು ಬಂದವರ ಬಾಯಲ್ಲಿ ಬರೀ ಹಾಪ್ಸ್, ಯೀಸ್ಟ್, ಮಾಲ್ಟ್. ಅದೇ ಸಮಯಕ್ಕೆ ಲಂಡನ್ನಿನಿಂದ ಬಂದ ದೂರದ ನೆಂಟನೊಬ್ಬ ಇವರ ಒತ್ತಾಯಕ್ಕೆ ಒಂದೂವರೆ ಕೆಜಿಯ ಡಬ್ಬ ತಂದುಕೊಟ್ಟ. ಅದರೊಳಗೆ ಐಪಿಎಗೆಂದೇ ತಯಾರಿಸಿದ ಮಾಲ್ಟ್ ಎಕ್ಸ್‌ಟ್ರಾಕ್ಟ್. ಮುಚ್ಚಳ ತೆಗೆದರೆ ಕಾಕಂಬಿ ಬಣ್ಣದ ಅಂಟು ಪಾಕ. ಚಮಚ ಅದ್ದಿ ಎತ್ತಿದರೆ ನೂಲು ಕಡಿಯುವುದೇ ಇಲ್ಲ, ಚಮಚವನ್ನು ಸುತ್ತು ತಿರುಗಿಸಿ ಕಡಿಯಬೇಕು.

“ಎಂತ ಇದು?” ಎಂದಳು ಅಕ್ಕ.

ಭಾವ ಉಪನ್ಯಾಸ ಶುರುಮಾಡಿದರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವುದು. ಮೊಳಕೆಯಲ್ಲಿ ಎದ್ದ ಕಿಣ್ವಗಳು, ಕಾಳನ್ನು ಒಡೆದು 65 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿಟ್ಟಾಗ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ರಸವನ್ನು ಸೋಸಿ, ನೀರು ಇಂಗಿಸಿದರೆ ಎಕ್ಸ್‌ಟ್ರಾಕ್ಟ್.

“ರಾಗಿ ಮಣ್ಣಿಗೆ ನಾನು ಮೊಳಕೆ ಕಟ್ಟುವುದೂ ಅದಕ್ಕೇ ಅಲ್ವಾ? ಇಷ್ಟಕ್ಕೆ ಲಂಡನ್ನಿಗೆ ಹೋಗಬೇಕಿತ್ತಾ?” ಎಂದು ಅವಳು ಒಳಗೆ ಹೋದಳು. ಭಾವನ ಉಪನ್ಯಾಸ ಅಲ್ಲಿಗೆ ಅರ್ಧ ಸತ್ತಿತು. ಉಳಿದರ್ಧ ಕೇಳುವ ಯೋಗ ನನ್ನದು.

ಎಕ್ಸ್‌ಟ್ರಾಕ್ಟ್ ಇದ್ದರೆ ಕಷ್ಟದ ಪಾಲು ಮುಗಿದ ಹಾಗೆ ಎಂದರು. ಬಿಸಿನೀರಲ್ಲಿ ಕರಗಿಸು, ಆರಿಸು, ಯೀಸ್ಟ್ ಉದುರಿಸು, ಮುಚ್ಚಿಡು. ಎರಡು ವಾರ ಬಕೆಟ್ಟಿನ ಮೇಲಿನ ನಳಿಗೆಯಲ್ಲಿ ಗುಳುಕ್ ಗುಳುಕ್. ಆಮೇಲೆ ಚೂರು ಸಕ್ಕರೆ ಹಾಕಿ ಬಾಟಲಿಗೆ ತುಂಬು. ಸಕ್ಕರೆಯ ಅಂದಾಜು ತಪ್ಪಿದರೆ ಬಾಟಲಿಯೇ ಸಿಡಿಯುತ್ತದೆ ಎಂಬುದನ್ನು ಮಾತ್ರ ಮೆಲ್ಲಗೆ ಹೇಳಿದರು. ಏಲ್ ಜಾತಿಯ ಯೀಸ್ಟಿಗೆ ಹಿತವಾಗುವುದು 18ರಿಂದ 22 ಡಿಗ್ರಿ. ನಮ್ಮ ಮನೆಯ ಎಸಿ 24ರಿಂದ ಕೆಳಗಿಳಿದರೆ ಅಕ್ಕ ಶಾಲು ಹೊದೆಯುತ್ತಾಳೆ, ಬಾಯಿ ಬಿಚ್ಚುತ್ತಾಳೆ. ಇನ್ನು ಬಾಲ್ಕನಿಯಲ್ಲಿಡೋಣವೆಂದರೆ ಆಗಸ್ಟಿನಲ್ಲಿ ಅಲ್ಲಿಟ್ಟ ದೋಸೆಹಿಟ್ಟೇ ಮಧ್ಯಾಹ್ನದೊಳಗೆ ಪಾತ್ರೆ ಬಿಟ್ಟು ಹೊರನಡೆಯುತ್ತದೆ.

ನೀರಿನದು ಇನ್ನೊಂದು ಕತೆ. ಐಪಿಎಗೆ ಹೆಸರಾದದ್ದು ಇಂಗ್ಲೆಂಡಿನ ಬರ್ಟನ್ ಊರು. ಅಲ್ಲಿನ ಬಾವಿನೀರಲ್ಲಿ ಜಿಪ್ಸಮ್ ಧಾರಾಳ. ಹಾಪ್ಸಿನ ಕಹಿಗೆ ಆ ನೀರು ಚುರುಕು ಕೊಡುತ್ತದೆ. ಅಬುಧಾಬಿಯ ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರದ ನೀರು, ಅದರಲ್ಲಿ ಆ ಗುಣ ಕಡಿಮೆ. “ಜಿಪ್ಸಮ್ ಬೆರೆಸಿದರಾಯಿತು” ಎನ್ನುತ್ತ ಭಾವ ತಲೆಯೆತ್ತಿ ಹಾಲಿನ ಫಾಲ್ಸ್ ಸೀಲಿಂಗನ್ನೇ ನೋಡತೊಡಗಿದಾಗ ನನಗೆ ನಿಜವಾಗಿ ಭಯವಾಯಿತು.

ಎಲ್ಲಕ್ಕಿಂತ ದೊಡ್ಡದು ಕಾನೂನು. ಅಬುಧಾಬಿಯಲ್ಲಿ ಮದ್ಯ ಕೊಳ್ಳುವುದಕ್ಕೆ ಬೇಕಿದ್ದ ಲೈಸೆನ್ಸು 2020ರಲ್ಲೇ ಹೋಯಿತು. 2021ರಲ್ಲಿ ಪರವಾನಗಿ ಪಡೆದ ಹೋಟೆಲು, ಬಾರುಗಳು ತಮ್ಮಲ್ಲೇ ಬಿಯರು ಹುದುಗಿಸಬಹುದು ಎಂದಾಯಿತು. 2023ರ ಕೊನೆಗೆ ಅಲ್ ಮರಿಯಾ ದ್ವೀಪದ ಮಾಲಿನಲ್ಲಿ ಅಂಥದೊಂದು ಬಾಗಿಲೂ ತೆರೆಯಿತು. ಆದರೆ ಫ್ಲ್ಯಾಟಿನಲ್ಲಿ ಬಕೆಟ್ ಇಟ್ಟುಕೊಂಡು ಮಾಡುವಂತಿಲ್ಲ, ಅದು ಅಪರಾಧ. ಊರಲ್ಲೂ ಅಬಕಾರಿಯವರು ಇದಕ್ಕೆ ಹಾರ ಹಾಕುವುದಿಲ್ಲ ಎನ್ನಿ. ಇಲ್ಲಾದರೆ ವೀಸಾ, ಕೆಲಸ, ಮಕ್ಕಳ ಶಾಲೆ ಎಲ್ಲವೂ ಆ ಬಕೆಟ್ಟಿನೊಳಗೇ. ನಮ್ಮ ಬಿಲ್ಡಿಂಗಿನ ನಾತೂರ್, ಎಂದರೆ ಕಾವಲುಗಾರ, ಲಿಫ್ಟಿನಲ್ಲಿ ಬಂಗುಡೆ ಹೋದರೆ ಯಾವ ಮಹಡಿಗೆ ಹೋಯಿತೆಂದು ಹೇಳಬಲ್ಲ ಮೂಗಿನವನು.

“ಕಾನೂನು ಬಿಡು ಮಾರಾಯ, ಇತಿಹಾಸ ಕೇಳು,” ಎಂದರು ಭಾವ. ಸೋಲುವವರಿಗೆಲ್ಲ ಇತಿಹಾಸ ನೆನಪಾಗುತ್ತದೆ. ಇತಿಹಾಸ ಸ್ವಾರಸ್ಯವಾಗಿಯೇ ಇತ್ತು. ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಎಂಬವನ ಬ್ರೂವರಿ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಕಟ್ಟೆ ಹತ್ತಿರ. ಕಪ್ತಾನರಿಗೆ ಒಂದೊಂದು ವರ್ಷಕ್ಕೂ ಮೀರಿ ಸಾಲ. ಬೇರೇನು ಬೇಕು? ಹಾಪ್ಸು ಜಾಸ್ತಿ ಹಾಕಿದ ಅವನ ಬಿಯರು ಆಫ್ರಿಕಾದ ತುದಿ ಸುತ್ತಿ, ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕುಲುಕಿ, ಕಲ್ಕತ್ತ ಸೇರುವಾಗ ಹದವಾಗಿರುತ್ತಿತ್ತು. ಹಾಡ್ಜ್‌ಸನ್ನರ ದರ್ಬಾರು ಹೆಚ್ಚಾದಾಗ, 1822ರ ಹೊತ್ತಿಗೆ, ಕಂಪನಿಯ ಡೈರೆಕ್ಟರೊಬ್ಬ ಬರ್ಟನ್ನಿನ ಆಲ್ಸಪ್ ಎಂಬವನನ್ನು ಊಟಕ್ಕೆ ಕರೆದು, ನೀನೂ ಇಂಥದ್ದು ಮಾಡು ಎಂದನಂತೆ. ಆಲ್ಸಪ್ಪನ ಮಾಲ್ಟ್ ಮೇಸ್ತ್ರಿ ಜಾಬ್ ಗುಡ್‌ಹೆಡ್ ಮೊದಲ ಸ್ಯಾಂಪಲ್ ತಯಾರಿಸಿದ್ದು ಟೀ ಪಾಟಿನಲ್ಲಿ ಎಂಬ ಕತೆಯಿದೆ.

“ಟೀ ಪಾಟಿನಲ್ಲಿ!” ಎಂದು ಭಾವ ನಮ್ಮ ಫ್ಲಾಸ್ಕಿನತ್ತ ನೋಡಿದರು. ನಾನು ಅದನ್ನೆತ್ತಿ ಒಳಗಿಟ್ಟೆ.

ಇತಿಹಾಸದ ಬಾಲ ನನ್ನ ಕೈಯಲ್ಲೂ ಸ್ವಲ್ಪ ಇತ್ತು. ಅದೇ ಬರ್ಟನ್ನಿನಿಂದ ಇಂಡಿಯಾಕ್ಕೆ ಪೇಲ್ ಏಲ್ ಕಳಿಸಿ ದುಡ್ಡು ಮಾಡಿದ ಇನ್ನೊಂದು ಕಂಪನಿ ಬ್ಯಾಸ್. ಅವರ ಕೆಂಪು ತ್ರಿಕೋನ 1876ರಲ್ಲಿ ಬ್ರಿಟನ್ನಿನಲ್ಲಿ ನೋಂದಾಯಿಸಿದ ಮೊತ್ತಮೊದಲ ಟ್ರೇಡ್‌ಮಾರ್ಕು. ಅದೇ ಬ್ಯಾಸ್ 1980ರ ಸುಮಾರಿಗೆ ಅಮಲಿಲ್ಲದ ಒಂದು ಮಾಲ್ಟ್ ಪಾನೀಯ ಹೊರತಂದಿತು. ಹೆಸರು ಬಾರ್ಬಿಕನ್. ಆಮೇಲೆ ಬ್ರ್ಯಾಂಡು ಸೌದಿಯವರ ಕೈ ಸೇರಿತು. ನಮ್ಮ ಕೆಳಗಿನ ಗ್ರೋಸರಿಯ ಫ್ರಿಜ್ಜಿನಲ್ಲಿ ಲಬನ್ ಮಜ್ಜಿಗೆಯ ಪಕ್ಕ ಸಾಲಾಗಿ ನಿಂತಿರುವುದು ಆ ವಂಶದ ಕುಡಿಯೇ. ನಾನು ಇಳಿದುಹೋಗಿ ಒಂದು ತಂದು ಭಾವನ ಮುಂದಿಟ್ಟೆ. ಅವರು ಲೇಬಲ್ ಓದಿದರು. ದಾಳಿಂಬೆ ಪರಿಮಳದ್ದು. ಅವರು ನನ್ನನ್ನು ನೋಡಿದ ನೋಟವನ್ನು ಅಕ್ಕನ ಮುಖ ನೋಡಿ ಕ್ಷಮಿಸಿದ್ದೇನೆ.

ಡಬ್ಬ ಅಡುಗೆಮನೆಯ ಕಪಾಟು ಸೇರಿತು. ಮಾಲ್ಟ್ ಅಂದಮೇಲೆ ಹಾರ್ಲಿಕ್ಸಿನ ಬಳಗ, ಹಾಳಾಗುವುದು ಯಾಕೆಂದು ಅಕ್ಕ ಒಂದು ಬೆಳಿಗ್ಗೆ ಅದನ್ನು ಮಗನ ಹಾಲಿಗೆ ಕದಡಿದಳು. ಇಂಥ ಡಬ್ಬಗಳಿಗೆ ಹಾಪ್ಸನ್ನೂ ಮೊದಲೇ ಸೇರಿಸಿರುತ್ತಾರೆಂದು ಉಪನ್ಯಾಸಕರು ಅವಳಿಗೆ ಹೇಳಿರಲಿಲ್ಲ. ಹುಡುಗ ಒಂದು ಗುಟುಕು ಕುಡಿದ, ಲೋಟ ಕೆಳಗಿಟ್ಟ, ಜ್ವರದ ಮದ್ದು ತನಗೇಕೆ ಎಂದು ಕೇಳಿದ.

ಅಕ್ಕ ಬೆರಳದ್ದಿ ನೆಕ್ಕಿದಳು. ಮೊದಲು ಸಿಹಿ, ಹಿಂದಿನಿಂದ ಕಹಿ, ಅದೂ ಗಂಟಲಲ್ಲಿ ಕೂರುವ ಕಹಿ. ಬೈಯುತ್ತಾಳೆಂದು ಕಾದೆವು. ಅವಳು ಮಾತಾಡದೆ ಫ್ರಿಜ್ಜಿನಿಂದ ಹಾಗಲಕಾಯಿ ತೆಗೆದಳು.

ಆ ಶುಕ್ರವಾರ ಗೆಳೆಯರಿಗೆ ನಮ್ಮಲ್ಲಿ ಊಟ. ಹಾಗಲಕಾಯಿ ಮೆಣಸ್ಕಾಯಿ ಮಾಡಿದ್ದಳು. ಹುರಿದ ಎಳ್ಳು, ಉದ್ದಿನಬೇಳೆ, ಒಣಮೆಣಸು, ತೆಂಗಿನತುರಿ ರುಬ್ಬಿದ್ದು, ಹುಳಿ, ಬೆಲ್ಲದ ಜಾಗದಲ್ಲಿ ಐಪಿಎ. ಕಪ್ಪಗೆ ಹೊಳೆಯುತ್ತ ಕುದಿದಿತ್ತು. ಪುತ್ತೂರಿನ ಕಡೆಯ ಹಿರಿಯರೊಬ್ಬರು ಎರಡನೇ ಸಲ ಹಾಕಿಸಿಕೊಂಡು, “ಇದು ಯಾವ ಬೆಲ್ಲ ತಂಗೀ, ಊರಿಂದ ತರಿಸಿದ್ದಾ?” ಎಂದರು.

“ಅಲ್ಲ ಮಾವ, ಲಂಡನ್ ಬೆಲ್ಲ,” ಎಂದಳು ಅಕ್ಕ. “ಇವರ ನೆಂಟರು ತಂದದ್ದು.”

ಭಾವ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಸೌಟು ಹತ್ತಿರ ಬಂದಾಗ ಮಾತ್ರ ಬೇಡ ಎನ್ನಲಿಲ್ಲ.