ಕೇಕೆ ಮೀಮಾಂಸೆ: ತವರು ಪ್ರೇಕ್ಷಕರ ಗಂಟಲಿಗೂ ಫುಟ್‌ಬಾಲ್ ಆಟಗಾರನ ಕಾಲಿಗೂ ಇರುವ ಸಂಬಂಧದ ಶಾಸ್ತ್ರೀಯ ವಿಚಾರ

ಪೀಠಿಕೆ

ಸ್ವಂತ ಊರಿನ ಜನ ಸುತ್ತ ನಿಂತು ಕೇಕೆ ಹಾಕಿದರೆ ಫುಟ್‌ಬಾಲ್ ಆಟಗಾರ ಇನ್ನೂ ಚೆನ್ನಾಗಿ ಆಡುತ್ತಾನೆಯೇ? ಜಗತ್ತಿನ ವಿದ್ವಾಂಸರು ಈ ಪ್ರಶ್ನೆಯನ್ನು ದಶಕಗಳಿಂದ ಕೆದಕುತ್ತಿದ್ದಾರೆ. ಆದರೆ ಅವರಲ್ಲೊಬ್ಬರೂ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗೆ ಬಂದು ವಿಚಾರಿಸಿದಂತಿಲ್ಲ. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಈ ಸೀಮೆಯಲ್ಲಿ ಫುಟ್‌ಬಾಲ್ ಆಡುವವರಿಗಿಂತ ನೋಡುವವರು ಹೆಚ್ಚು. ನೋಡುವವರಿಗಿಂತ ಹೇಗೆ ಆಡಬೇಕಿತ್ತೆಂದು ಹೇಳುವವರು ಇನ್ನೂ ಹೆಚ್ಚು. ಆಟದ ಸೋಂಕಿಲ್ಲದ ಶುದ್ಧ ಪ್ರೇಕ್ಷಕನನ್ನು ಅಧ್ಯಯನ ಮಾಡಲು ಇದಕ್ಕಿಂತ ತಕ್ಕ ಕ್ಷೇತ್ರ ಬೇರೊಂದಿಲ್ಲ.

ಪ್ರಾಚೀನತೆ

ಯಾವುದೇ ಶಾಸ್ತ್ರವನ್ನು ಮೊದಲು ನಮ್ಮೂರಿನದೆಂದು ಸಾಧಿಸಿ, ಆಮೇಲೆ ಅದೇನೆಂದು ವಿಚಾರಿಸುವುದು ವಾಡಿಕೆ. 1963–64ರಲ್ಲಿ ಎಂ.ಎಸ್. ನಾಗರಾಜರಾವ್ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಅಗೆದಾಗ ನವಶಿಲಾಯುಗದ ವಸತಿಯ ಕುರುಹುಗಳು ಸಿಕ್ಕವು. ಅಷ್ಟೇನೂ ದೂರವಿಲ್ಲದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲಿ, ಕಲ್ಲಿನಿಂದ ಬಡಿದರೆ ಠಣ್ಣೆನ್ನುವ ಕಪ್ಪು ಬಂಡೆಗಳಿವೆ. ಅವುಗಳ ಮೈಮೇಲೆ ಹಿಂದಿನವರು ಬಡಿದು ಬಡಿದು ಮೂಡಿಸಿದ ಗುಳಿಗಳೂ ಇವೆ. ಎತ್ತರದಲ್ಲಿ ಜನ, ಕೈಗೆಟುಕುವಲ್ಲಿ ಬಡಿಯುವ ವಾದ್ಯ, ಕೆಳಗೆ ವಿಶಾಲವಾದ ಬಯಲು: ಇದನ್ನು ಗ್ಯಾಲರಿ ಎನ್ನದೆ ಇನ್ನೇನನ್ನಬೇಕು? ಉತ್ಖನನದಲ್ಲಿ ಚೆಂಡು ಮಾತ್ರ ಸಿಕ್ಕಿಲ್ಲ. ಅದು ಚರ್ಮದ್ದಾಗಿದ್ದುದರಿಂದ ಮಣ್ಣು ಪಾಲಾಯಿತೆಂಬುದನ್ನು ಎರಡನೆಯ ಸಂಪುಟದಲ್ಲಿ ನಿರ್ವಿವಾದವಾಗಿ ಸ್ಥಾಪಿಸಲಾಗುವುದು.

ಪ್ರೇಕ್ಷಕ ಭೇದಗಳು

ತವರು ಪ್ರೇಕ್ಷಕರು ನಾಲ್ಕು ಬಗೆ. ಮೊದಲನೆಯವನು ಉಪದೇಶಕ: “ಲೇ ತಮ್ಮಾ, ಆ ಕಡಿ ಪಾಸ್ ಕೊಡಲೇ!” ಆ ಕಡೆ ಎದುರಾಳಿ ನಿಂತಿದ್ದಾನೆಂಬುದು ಇವನಿಗೆ ಗೌಣ. ಎರಡನೆಯವನು ನಿಂದಕ: “ಮನ್ಯಾಗ ಉಂಡು ಬಂದಿಲ್ಲೇನಲೇ?” ಇವನು ಸ್ವತಃ ಮಂಡಾಳು ಒಗ್ಗರಣೆಯ ಪೊಟ್ಟಣವನ್ನೂ ಎರಡು ಮಿರ್ಚಿಯನ್ನೂ ಮುಗಿಸಿಯೇ ಈ ಪ್ರಶ್ನೆ ಕೇಳುವುದು. ಮೂರನೆಯವನು ಶಿಳ್ಳೆಗಾರ, ಗೋಲಾದರೂ ಶಿಳ್ಳೆ, ಗೋಲು ತಪ್ಪಿದರೂ ಶಿಳ್ಳೆ, ಮೈದಾನಕ್ಕೆ ಎಮ್ಮೆ ನುಗ್ಗಿದರೂ ಶಿಳ್ಳೆ. ನಾಲ್ಕನೆಯವನು ನ್ಯಾಯವಾದಿ. ಇವನು ಚೆಂಡನ್ನಾಗಲಿ ಆಟಗಾರರನ್ನಾಗಲಿ ನೋಡುವುದಿಲ್ಲ. ಇವನ ದೃಷ್ಟಿಯೆಲ್ಲ ರೆಫ್ರಿಯ ಮೇಲೆ: “ಏನ್ರೀ ಸಾರ್, ಕಣ್ಣು ಕಾಣಂಗಿಲ್ಲೇನ್ರೀ?” ಬೈಗುಳದಲ್ಲೂ ‘ರೀ’ ಬಿಡದ ಈ ವಿನಯವಂತನನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇವನಿಂದ ಕೆಲಸವಿದೆ.

ಪೂರ್ವಪಕ್ಷ

ಕೇಕೆಯು ಆಟಗಾರನ ಕಾಲಿಗೆ ಬಲ ತುಂಬುತ್ತದೆ ಎಂಬುದು ಪೂರ್ವಪಕ್ಷ. ಇದಕ್ಕೆ ಪ್ರಮಾಣವಾಗಿ ಬೆಂಗಳೂರು ಎಫ್‌ಸಿಯನ್ನು ಉದಾಹರಿಸುತ್ತಾರೆ. ಈ ತಂಡದ ಒಡೆಯರಾದ ಜೆಎಸ್‌ಡಬ್ಲ್ಯು ಬಳಗದ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ. ಅಲ್ಲಿನ ಕ್ರೀಡಾ ಸಂಸ್ಥೆಗೆ ತಂಡ ತಾಲೀಮಿಗೆ ಬಂದದ್ದೂ ಉಂಟು. ಆದ್ದರಿಂದ ಬೆಂಗಳೂರು ನಮಗೆಷ್ಟೇ ದೂರವಿದ್ದರೂ ತಂಡ ನಮ್ಮದೇ ಎಂಬುದರಲ್ಲಿ ತೆಕ್ಕಲಕೋಟೆಯ ಪಂಡಿತರಿಗೆ ಸಂದೇಹವಿಲ್ಲ.

2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯ ನಡೆಯಿತು. ಮಲೇಷ್ಯಾದ ಜೋಹರ್ ತಂಡ ಮೊದಲು ಗೋಲು ಹೊಡೆಯಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ಗಂಟಲು ತಗ್ಗಿಸಲಿಲ್ಲ. ಸುನಿಲ್ ಛೆಟ್ರಿ ಎರಡು ಗೋಲು, ಹುವಾನನ್ ಒಂದು. ಬೆಂಗಳೂರು 3–1ರಿಂದ ಗೆದ್ದು, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಫೈನಲ್ ನಡೆದದ್ದು ದೋಹಾದಲ್ಲಿ. ಅಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0–1ರಿಂದ ಸೋತಿತು. ಕೇಕೆ ಇದ್ದಲ್ಲಿ ಗೆಲುವು, ಇಲ್ಲದಲ್ಲಿ ಸೋಲು. ಪೂರ್ವಪಕ್ಷದವರು ಇಷ್ಟಕ್ಕೇ ಮೀಸೆ ತಿರುವುತ್ತಾರೆ.

ದೇಹಶಾಸ್ತ್ರಜ್ಞರೂ ಇವರ ಬೆನ್ನಿಗಿದ್ದಾರೆ. ಇಂಗ್ಲೆಂಡಿನ ಇಬ್ಬರು ಸಂಶೋಧಕರು ಆಟಗಾರರ ಎಂಜಲನ್ನು ಸಂಗ್ರಹಿಸಿ 2003ರಲ್ಲಿ ಪ್ರಕಟಿಸಿದ ಪ್ರಕಾರ, ತವರಿನ ಪಂದ್ಯಕ್ಕೆ ಮುಂಚೆ ಟೆಸ್ಟೊಸ್ಟೆರಾನ್ ಹೆಚ್ಚಿರುತ್ತದೆ. ಗೋಲ್‌ಕೀಪರನಲ್ಲಂತೂ ಎದ್ದು ಕಾಣುವಷ್ಟು. ತನ್ನ ಹೊಲದ ಬದುವಿನ ಮೇಲೆ ನಿಂತ ರೈತನ ದನಿ ಏರುವುದನ್ನು ಕಂಡ ನಮ್ಮವರಿಗೆ ಇದನ್ನು ತಿಳಿಯಲು ಎಂಜಲು ಬೇಕಾಗಿರಲಿಲ್ಲ.

ಆಕ್ಷೇಪ

ಪೂರ್ವಪಕ್ಷಕ್ಕೆ ಮೊದಲ ಏಟು ಬ್ರೆಜಿಲ್‌ನಿಂದ. 1950ರ ವಿಶ್ವಕಪ್‌ನಲ್ಲಿ, ಜುಲೈ 16ರಂದು ಮರಕಾನಾ ಕ್ರೀಡಾಂಗಣದಲ್ಲಿ ಹತ್ತಿರಹತ್ತಿರ ಎರಡು ಲಕ್ಷ ತವರು ಗಂಟಲುಗಳ ನಡುವೆ ಬ್ರೆಜಿಲ್ ಉರುಗ್ವೆಗೆ 1–2ರಿಂದ ಸೋತಿತು. 2014ರ ವಿಶ್ವಕಪ್‌ನಲ್ಲಿ ಬೆಲೊ ಒರಿಜಾಂಟೆಯಲ್ಲಿ ಅದೇ ಬ್ರೆಜಿಲ್ ಜರ್ಮನಿಗೆ 1–7. ಕೇಕೆ ಕಾಲಿಗೆ ಇಳಿಯುವುದೇ ಆದರೆ ಆ ಕೇಕೆಯೆಲ್ಲ ಎಲ್ಲಿ ಸೋರಿಹೋಯಿತು?

ಇದಕ್ಕೆ ನಮ್ಮಲ್ಲಿ ‘ಮಾವಪರಿಣಾಮ’ವೆಂಬ ವಿವರಣೆಯಿದೆ. ಹೆಣ್ಣು ಕೊಡಬೇಕಾದ ಸೋದರಮಾವ ಗೆರೆಯಾಚೆ ಕೈಕಟ್ಟಿ ನಿಂತಿದ್ದರೆ, ಖಾಲಿ ಗೋಲಿನ ಮುಂದೆಯೂ ಹುಡುಗನ ಒದೆ ಆಕಾಶಕ್ಕೇ ಹೋಗುತ್ತದೆ. ಪರರೆದುರು ಬಾರದ ನಡುಕ ನಮ್ಮವರೆದುರು ಬರುತ್ತದೆ. ಒಂದು ದೇಶವೇ ಸೋದರಮಾವನಾಗಿ ಕೂತರೆ ಏನಾದೀತೆಂಬುದಕ್ಕೆ ಮರಕಾನಾ ಸಾಕ್ಷಿ.

ಎರಡನೆಯ ಏಟು ಲೆಕ್ಕದ್ದು. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತವು ಚೀನಾ ತೈಪೆಯ ವಿರುದ್ಧ ಆಡಿದಾಗ ಬಂದಿದ್ದ ಪ್ರೇಕ್ಷಕರು 2,569. ಭಾರತಕ್ಕೆ 5–0 ಗೆಲುವು, ಛೆಟ್ರಿಗೆ ಮೂರು ಗೋಲು. ಮರುದಿನ ಛೆಟ್ರಿ ವಿಡಿಯೊ ಮಾಡಿ, ಬೈಯುವುದಾದರೂ ಮೈದಾನಕ್ಕೇ ಬಂದು ಬೈಯಿರಿ ಎಂದು ದೇಶವನ್ನು ಬೇಡಿಕೊಂಡರು. ಜೂನ್ 4ರಂದು ಟಿಕೆಟ್ಟೆಲ್ಲ ಖಾಲಿ, ಜಡಿಮಳೆ, ಛೆಟ್ರಿಗೆ ನೂರನೆಯ ಪಂದ್ಯ. ಕೀನ್ಯಾ ವಿರುದ್ಧ ಭಾರತಕ್ಕೆ 3–0, ಛೆಟ್ರಿಗೆ ಎರಡು ಗೋಲು. ತ್ರೈರಾಶಿ ಹಾಕಿದರೆ ಪ್ರಮೇಯ ಸ್ಪಷ್ಟ: ಗ್ಯಾಲರಿ ತುಂಬಿದ್ದರಿಂದ ಭಾರತಕ್ಕೆ ಎರಡು ಗೋಲು, ಛೆಟ್ರಿಗೆ ಒಂದು ಗೋಲು ನಷ್ಟ. ಎದುರಾಳಿ ಬೇರೆಯಲ್ಲವೇ, ಮಳೆ ಬಂದಿತ್ತಲ್ಲವೇ ಎನ್ನುವವರಿಗೆ ತ್ರೈರಾಶಿಯಲ್ಲಿ ಭಕ್ತಿ ಸಾಲದು. ಆದರೆ ಬೈಯಲಿಕ್ಕೇ ಬನ್ನಿರೆಂದು ರಾಷ್ಟ್ರದ ನಾಯಕನೇ ಕರೆದದ್ದು ನಮ್ಮ ನಿಂದಕವರ್ಗಕ್ಕೆ ದೊರೆತ ಅಧಿಕೃತ ಮನ್ನಣೆಯೆಂಬುದನ್ನು ಇಲ್ಲಿ ದಾಖಲಿಸಬೇಕು.

ಇನ್ನು 1997ರ ಫೆಡರೇಷನ್ ಕಪ್ ಸೆಮಿಫೈನಲ್. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ 1,31,781 ಜನ. ಆಡಿದ್ದು ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್. ಎರಡೂ ಅದೇ ಊರಿನವು, ಎರಡಕ್ಕೂ ತವರು. ಆದರೂ 4–1. ಹೀಗಿರಲು ಆ ತವರು ಯಾರಿಗೆ ಒಲಿದದ್ದು?

ಉತ್ತರಪಕ್ಷ

ಕಾಲನ್ನು ಬಿಟ್ಟು ಕಿವಿಯತ್ತ ಬರೋಣ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನ ಸಂಶೋಧಕರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಲಿವರ್‌ಪೂಲ್–ಲೆಸ್ಟರ್ ಪಂದ್ಯದ 47 ಚಕಮಕಿಗಳ ವಿಡಿಯೊವನ್ನು 40 ಮಂದಿ ರೆಫ್ರಿಗಳಿಗೆ ತೋರಿಸಿದರು. ಕೆಲವರಿಗೆ ಜನರ ಗದ್ದಲದ ಸಮೇತ, ಉಳಿದವರಿಗೆ ಸದ್ದಡಗಿಸಿ. ಗದ್ದಲ ಕೇಳಿಸಿಕೊಂಡವರು ತವರು ತಂಡದ ಮೇಲೆ ಹಾಕಿದ ಫೌಲ್‌ಗಳು ನೂರಕ್ಕೆ ಸುಮಾರು 15ರಷ್ಟು ಕಡಿಮೆ. ಸ್ಪೇನಿನ ಲೀಗ್ ಪಂದ್ಯಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಕಂಡದ್ದು: ತವರು ತಂಡ ಒಂದು ಗೋಲಿನಿಂದ ಹಿಂದಿದ್ದರೆ ರೆಫ್ರಿ ಕೊನೆಗೆ ಸೇರಿಸುವ ಸಮಯ ಹಿಗ್ಗುತ್ತದೆ, ಮುಂದಿದ್ದರೆ ಕುಗ್ಗುತ್ತದೆ. ಜರ್ಮನಿಯ ಲೆಕ್ಕ ಇನ್ನೂ ಸೂಕ್ಷ್ಮ: ಮೈದಾನದ ಸುತ್ತ ಓಟದ ಟ್ರ್ಯಾಕ್ ಇದ್ದು ಜನ ದೂರ ಕೂತರೆ ಈ ಪಕ್ಷಪಾತ ತಗ್ಗುತ್ತದೆ. ಕಂಠೀರವದಲ್ಲೂ ಅಂಥದೇ ಟ್ರ್ಯಾಕ್ ಇದೆ. ನಮ್ಮ ಹೈಸ್ಕೂಲ್ ಮೈದಾನದಲ್ಲಾದರೋ ಪ್ರೇಕ್ಷಕನು ಗೆರೆಯ ಮೇಲೆಯೇ ನಿಂತು, ಕೆಲವೊಮ್ಮೆ ಗೆರೆ ದಾಟಿ ಆಟಕ್ಕೆ ನೆರವಾಗುವುದುಂಟು. ಈ ದೃಷ್ಟಿಯಿಂದ ನಮ್ಮದು ಶ್ರೇಷ್ಠ ಕ್ರೀಡಾಂಗಣ.

ಕೊರೊನಾ ಕಾಲ ಈ ಶಾಸ್ತ್ರಕ್ಕೆ ಒದಗಿದ ದೊಡ್ಡ ಪ್ರಯೋಗಶಾಲೆ. 2020ರ ಮೇ 16ರಂದು ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಗ್ಯಾಲರಿಗಳೆದುರು ಮತ್ತೆ ಶುರುವಾದಾಗ, ನೂರಕ್ಕೆ 40ಕ್ಕಿಂತ ಹೆಚ್ಚಿದ್ದ ತವರು ಗೆಲುವು 33ರ ಆಸುಪಾಸಿಗೆ ಇಳಿಯಿತು. ಜನರಿಲ್ಲದ ಪಂದ್ಯಗಳನ್ನು ಎಣಿಸಿದ ಹಲವು ಅಧ್ಯಯನಗಳು ಹೇಳಿದ್ದೂ ಒಂದೇ: ಹೊರಗಿನಿಂದ ಬಂದ ತಂಡಕ್ಕೆ ಬೀಳುತ್ತಿದ್ದ ಹಳದಿ ಕಾರ್ಡುಗಳು ಕಡಿಮೆಯಾದವು. ಇತ್ತ 2020–21ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪೂರ್ತಿ ಗೋವಾದಲ್ಲೇ ಜನರಿಲ್ಲದೆ ನಡೆದು, ಬೆಂಗಳೂರು ಎಫ್‌ಸಿ ಏಳನೆಯ ಸ್ಥಾನಕ್ಕೆ ಕುಸಿಯಿತು. ನಾವಿದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಇಲ್ಲಿ ಈಗಲೂ ಹೇಳುವವರಿದ್ದಾರೆ. ಉಳಿದ ತಂಡಗಳಿಗೂ ಜನರಿರಲಿಲ್ಲವಲ್ಲ ಎಂದು ಕೇಳಿದವರಿಗೆ ಆಮೇಲೆ ಚಹಾ ಕೊಡಿಸುವುದನ್ನು ನಿಲ್ಲಿಸಲಾಗಿದೆ.

ಸಿದ್ಧಾಂತ

ಆದ್ದರಿಂದ ಸಿದ್ಧವಾದದ್ದಿಷ್ಟು: ಕೇಕೆಯು ಆಟಗಾರನ ಕಾಲಿಗೆ ಹೋಗುವುದು ಅನುಮಾನ, ರೆಫ್ರಿಯ ಕಿವಿಗೆ ಹೋಗುವುದು ನಿಶ್ಚಯ. ಉಪದೇಶಕನ ಶ್ರಮ ವ್ಯರ್ಥ. ನಿಂದಕನದು ಮನರಂಜನೆ. ಶಿಳ್ಳೆಗಾರನದು ಹವ್ಯಾಸ. ತಂಡದ ಹನ್ನೆರಡನೆಯ ಆಟಗಾರನೆಂಬ ಬಿರುದಿಗೆ ಅರ್ಹನಾದವನು ಆಟವನ್ನೇ ನೋಡದ ನಮ್ಮ ನ್ಯಾಯವಾದಿ ಒಬ್ಬನೇ. ಅವನಿಗೆ ಸಮವಸ್ತ್ರ ಮತ್ತು ಒಂದು ಪೊಟ್ಟಣ ಒಗ್ಗರಣೆಯನ್ನು ತಂಡದ ಖರ್ಚಿನಲ್ಲೇ ಕೊಡತಕ್ಕದ್ದು.

ಈ ಸಿದ್ಧಾಂತಕ್ಕೆ ಒಂದು ಗಂಡಾಂತರವಿದೆ. 2018ರ ವಿಶ್ವಕಪ್‌ನಲ್ಲಿ ವಿಡಿಯೊ ರೆಫ್ರಿಗಳನ್ನು ಮಾಸ್ಕೋದ ಒಂದು ಕೋಣೆಯಲ್ಲಿ ಕೂರಿಸಲಾಗಿತ್ತು. ಪಂದ್ಯ ಸೋಚಿಯಲ್ಲಿ, ಕೇಕೆ ಸೋಚಿಯಲ್ಲಿ, ಕಿವಿ ಮಾತ್ರ ಮಾಸ್ಕೋದಲ್ಲಿ. ಇದು ಪ್ರೇಕ್ಷಕರ ವಿರುದ್ಧ ನಡೆದ ಅಂತರರಾಷ್ಟ್ರೀಯ ಸಂಚು. ತೆಕ್ಕಲಕೋಟೆಯವರು ಇದರಿಂದ ಕಂಗೆಡಬೇಕಾಗಿಲ್ಲ. ನಮ್ಮ ಮೈದಾನಕ್ಕೆ ಅಂಥ ಕೋಣೆ ಬಂದಿಲ್ಲ. ಆಟ ಮುಗಿದ ಮೇಲೆ ರೆಫ್ರಿ ಸಾಹೇಬರು ಬಳ್ಳಾರಿ ಬಸ್ಸಿಗಾಗಿ ನಮ್ಮದೇ ಬಸ್‌ಸ್ಟ್ಯಾಂಡಿನಲ್ಲಿ, ನಮ್ಮ ನ್ಯಾಯವಾದಿಯ ಪಕ್ಕದಲ್ಲೇ, ಕಾಯಲೇಬೇಕು.