ಕಲ್ಲು ಕಿಡ್ನಿಯಲ್ಲಿ, ಪೈಪು ಎದೆಗೆ

"ಅಲ್ಲ ಕಣೇ, ಕಲ್ಲಿದ್ದದ್ದು ಕಿಡ್ನಿಯಲ್ಲಿ. ಎದೆಗ್ಯಾಕೆ ಪೈಪು ಹಾಕಿದಾರೆ?"

ದಾಸವಾಳದ ಬೇಲಿಯಾಚೆ ನಿಂತ ಅಕ್ಕನಿಗೆ ಹೂ ಕೀಳುವುದೇ ಮರೆತುಹೋಗಿತ್ತು. ಆಪರೇಷನ್ ಆದದ್ದು ಅವರ ತಮ್ಮನಿಗೆ. 20 ವರ್ಷ ಸರ್ಜರಿ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು. ಇಂಥದ್ದು ಅಪರೂಪ, ಆದರೆ ಕಂಡಿದ್ದೇನೆ.

"ಬೆನ್ನಿನ ಕೊನೇ ಪಕ್ಕೆಲುಬು ಮುಟ್ಟಿ ನೋಡ್ಕೊಳ್ಳಿ ಅಕ್ಕಾ. ಅದು 12ನೇದು. ಕಿಡ್ನಿಯ ಮೇಲ್ತುದಿ ಅದರ ಒಳಗಡೆ ಇರುತ್ತೆ. ಶ್ವಾಸಕೋಶದ ಪೊರೆಯೂ ಅಲ್ಲೀವರೆಗೆ ಇಳಿದಿರುತ್ತೆ."

ಎರಡು ಸೆಂಟಿಮೀಟರ್ ಮೀರಿದ ಕಲ್ಲಾದರೆ ಸಾಮಾನ್ಯವಾಗಿ ಬೆನ್ನಿನಿಂದ ಸಣ್ಣ ದಾರಿ ಮಾಡಿ, ಒಡೆದು ತೆಗೆಯುತ್ತಾರೆ. 1976ರಲ್ಲಿ ಸ್ವೀಡನ್ನಿನ ವೈದ್ಯರು ಜಗತ್ತಿಗೆ ತಿಳಿಸಿದ ವಿಧಾನ, ಪಿಸಿಎನ್‌ಎಲ್. ಕಲ್ಲು ಮೇಲ್ಗಡೆ ಕೂತಿದ್ದರೆ ಕೆಲವೊಮ್ಮೆ ಪಕ್ಕೆಲುಬಿನ ಮೇಲಿಂದಲೇ ಸೂಜಿ ಹಾಕಬೇಕಾಗುತ್ತದೆ. 11ನೇದರ ಮೇಲಿಂದ ಹೋದರಂತೂ ಪೊರೆಗೆ ತಗಲುವ ಭಯ ಹೆಚ್ಚು. ತಗಲಿತೋ, ಚೂರು ತೊಳೆಯಲು ಬಿಟ್ಟ ಸಲೈನು, ರಕ್ತ, ಗಾಳಿ ಎದೆಯೊಳಗೆ ಸೇರಿ ಶ್ವಾಸಕೋಶವನ್ನು ಅದುಮುತ್ತವೆ.

"ಹಾಗಾದ್ರೆ ಡಾಕ್ಟ್ರು ತಪ್ಪು ಮಾಡಿದ್ರಾ?"

"ಇಷ್ಟರಿಂದಲೇ ಹಾಗನ್ನೋಕಾಗಲ್ಲ ಅಕ್ಕಾ. ಕೈ ಪಳಗಿದವರಿಗೂ ಆಗುತ್ತೆ."

"ಅವನು ರಾತ್ರಿಯೇ ಉಸಿರು ಕಟ್ಟುತ್ತೆ ಅಂದಿದ್ದ. ಗ್ಯಾಸ್ ಇರಬೇಕು, ಮಲಗು ಅಂದ್ರಂತೆ ಮನೇವರು."

ಈ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಕಲ್ಲಿನ ಆಪರೇಷನ್ ಆದವರು ಉಸಿರು ಸಿಗುತ್ತಿಲ್ಲ, ಉಸಿರೆಳೆದರೆ ಎದೆ ಚುಚ್ಚುತ್ತೆ ಅಂದರೆ ಆ ಕ್ಷಣವೇ ನರ್ಸನ್ನು ಕರೆಯಬೇಕು. ಒಂದು ಎಕ್ಸ್‌-ರೇ, ಇಲ್ಲವೇ ಸ್ಕ್ಯಾನಿಂಗ್, ಸಂಗತಿ ಹೇಳಿಬಿಡುತ್ತದೆ. ನೀರು ಸ್ವಲ್ಪವೇ ಇದ್ದರೆ ಕಾದು ನೋಡುತ್ತಾರೆ, ಜಾಸ್ತಿಯಾದರೆ ಪೈಪು. ಮನೆಗೆ ಹೋದ ಮೇಲೂ ಇದು ಕಾಣಿಸಿಕೊಳ್ಳಬಹುದು. ತೀರಾ ಅಪರೂಪಕ್ಕೆ ಮೂತ್ರವೇ ಕಿಡ್ನಿಯಿಂದ ಎದೆಗೆ ದಾರಿ ಹಿಡಿಯುತ್ತದೆ. ತೆಗೆದ ನೀರಿನಲ್ಲಿ, ಮೂತ್ರದಲ್ಲಿ ಹೊರಹೋಗುವ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿರುವುದಕ್ಕಿಂತ ಹೆಚ್ಚಿದ್ದರೆ ಅನುಮಾನ ಅದರ ಮೇಲೆಯೇ. ಆಗ ಎದೆಯ ಪೈಪಿನ ಜೊತೆ ಮೂತ್ರನಾಳಕ್ಕೆ ಡಿಜೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕುತ್ತಾರೆ. ಮೂತ್ರ ಸಲೀಸಾಗಿ ಕೆಳಗಿಳಿದರೆ ಆ ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ.

"ಬಾಟಲಿಯ ಪೈಪಿನೊಳಗೆ ನೀರು ಮೇಲೆ ಕೆಳಗೆ ಆಡುತ್ತಂತೆ. ಹೆದರಿಕೊಂಡಿದಾಳೆ ಅವನ ಹೆಂಡ್ತಿ."

"ಉಸಿರಿನ ಜೊತೆ ಹಾಗೆ ಆಡಿದ್ರೆ ಪೈಪು ಕೆಲಸ ಮಾಡ್ತಿದೆ ಅಂತ. ಬಾಟಲಿ ಮಾತ್ರ ಎದೆಮಟ್ಟಕ್ಕಿಂತ ಕೆಳಗೇ ಇರಲಿ, ಎತ್ತಿ ಮಂಚದ ಮೇಲಿಡಬಾರದು. ಈಗಲೇ ಫೋನ್ ಮಾಡಿ ಹೇಳಿ."

ಅಕ್ಕ ಬುಟ್ಟಿಯನ್ನು ಬೇಲಿಯ ಮೇಲೇ ಇಟ್ಟು ಒಳಗೆ ಓಡಿದರು.