ಡಾಕ್ಟರ್ ಗಾಡಿ, ಸಿಂಗಲ್ ಓನರ್

ಹೊಸೂರು ರಸ್ತೆಯಲ್ಲೊಂದು ಹಳೆ ಕಾರುಗಳ ಅಂಗಳ. ಕತ್ತೆತ್ತಿ ನಿಂತ ಎಸ್‌ಯುವಿಗಳ ಸಾಲಿನ ಕೊನೆಗೆ, ಗೋಡೆಯ ಮಗ್ಗುಲಲ್ಲಿ, ತಗ್ಗಾಗಿ ಉದ್ದಕ್ಕೆ ಮೈ ಚಾಚಿಕೊಂಡ ಗಾಡಿಯೊಂದಿದೆ. ಹೆಸರು ವೋಲ್ವೋ ವಿ90 ಕ್ರಾಸ್ ಕಂಟ್ರಿ. ಮುಂಗಾಜಿನ ಮೇಲೆ ‘ಸಿಂಗಲ್ ಓನರ್, ಡಾಕ್ಟರ್ ಗಾಡಿ, ಶೋರೂಮ್ ಕಂಡೀಷನ್’ ಎಂದು ಮೂರು ಸುಳ್ಳು ಬರೆದಿದ್ದರು. ಅವುಗಳಲ್ಲಿ ಒಂದು ನಿಜವೆಂದು ಆಮೇಲೆ ತಿಳಿಯಿತು. ಸಂಸಾರಕ್ಕೊಂದು ದೊಡ್ಡ ಗಾಡಿ, ಅದೂ ಸಣ್ಣ ಬೆಲೆಗೆ ಬೇಕೆಂದು ಅಲೆಯುತ್ತಿರುವ ಓದುಗರ ಪರವಾಗಿ ನಾವು ಮಾತಿಗೆ ಕೂತೆವು. ಬ್ರೋಕರ್ ಊಟಕ್ಕೆ ಹೋಗಿದ್ದರಿಂದ ಗಾಡಿ ಮನಸ್ಸು ಬಿಚ್ಚಿತು.

ನಾವು: ನಮಸ್ಕಾರ. ತಮ್ಮನ್ನು ಏನೆಂದು ಪರಿಚಯಿಸೋಣ? ಕಾರೋ, ಜೀಪೋ?

ಗಾಡಿ: ಇಷ್ಟು ವರ್ಷದಿಂದ ಅದನ್ನೇ ಹೇಳಿ ಹೇಳಿ ಸಾಕಾಗಿದೆ ಸ್ವಾಮಿ. ಸ್ಟೇಷನ್ ವ್ಯಾಗನ್ ಅಂದೆ. ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ ರಿಜಿಸ್ಟರಲ್ಲಿ ‘ವ್ಯಾಗನ್ ಆರ್’ ಅಂತ ಬರ್ಕೊಂಡ. ಸರಿ, ವೋಲ್ವೋ ಅಂದೆ. ಎದುರುಗಡೆ ಟೀ ಅಂಗಡಿಯವ್ರು ‘ಏರ್‌ಪೋರ್ಟಿಗೆ ಟಿಕೆಟ್ ಎಷ್ಟು’ ಅಂತ ಕೇಳಿದ್ರು. ಈ ಊರಲ್ಲಿ ವೋಲ್ವೋ ಅಂದ್ರೆ ಬಿಎಂಟಿಸಿ ಬಸ್ಸು, ಮುಗೀತು. ಬಸ್ಸಿನ ಕಂಪನಿ ಬೇರೆ, ನಮ್ಮ ಕಂಪನಿ ಬೇರೆ ಅಂತ ಯಾರಿಗೆ ಹೇಳಲಿ? 1999ರಲ್ಲೇ ಪಾಲಾಯ್ತು. ಬಸ್ಸು, ಲಾರಿ ಅವ್ರು ಇಟ್ಕೊಂಡ್ರು. ಕಾರುಗಳನ್ನ ಅಮೆರಿಕದ ಫೋರ್ಡಿಗೆ ಮಾರಿದ್ರು. 2010ರಲ್ಲಿ ಅಲ್ಲಿಂದ ಚೀನಾದ ಜೀಲಿ ಮನೆಗೆ ಬಂದ್ವಿ. ಹೆಸರು ಮಾತ್ರ ಇವತ್ತಿಗೂ ಜಂಟಿ ಆಸ್ತಿ.

ನಾವು: ಕನ್ನಡ ಸೊಗಸಾಗಿದೆ.

ಗಾಡಿ: ಇಲ್ಲಿ ನಿಂತು ನಿಂತು ಬಂತು. ದೆಹಲಿಯಲ್ಲಿದ್ದಾಗ ಕಲಿತದ್ದು ಹಾರನ್ ಒಂದೇ.

ನಾವು: ಹುಟ್ಟೂರು, ಮನೆತನ?

ಗಾಡಿ: ಸ್ವೀಡನ್ನಿನ ಗೋಥೆನ್‌ಬರ್ಗ್. 2017ರ ಜುಲೈನಲ್ಲಿ ನಮ್ಮ ಪೀಳಿಗೆ ಈ ದೇಶಕ್ಕೆ ಕಾಲಿಟ್ಟಾಗ ಶೋರೂಮ್ ಬೆಲೆ 60 ಲಕ್ಷ. ಅದೇ ವರ್ಷ ನಮ್ಮಣ್ಣ ಎಕ್ಸ್‌ಸಿ90ನ ಹೊಸಕೋಟೆಯಲ್ಲೇ ಜೋಡಿಸೋಕೆ ಶುರು ಮಾಡಿದ್ರು. ಅವನು ದಮ್ ಬಿರಿಯಾನಿ ಘಮದಲ್ಲಿ ಕಣ್ಣು ಬಿಟ್ಟವನು. ನಾನು ಪೂರ್ತಿ ತಯಾರಾಗಿ ಹಡಗು ಹತ್ತಿ ಬಂದೆ. ಆದ್ರೆ ಜನ ಅವನನ್ನೇ ಕೊಂಡ್ರು.

ನಾವು: ಕಾರಣ?

ಗಾಡಿ: ಎತ್ತರ. ನಿಮ್ಮ ಜನಕ್ಕೆ ಗಾಡಿ ಅಂದ್ರೆ ಮೇಲಿಂದ ಕೆಳಗೆ ನೋಡೋ ಹಾಗಿರ್ಬೇಕು. ಇಲ್ಲಾ, ಹಿಂದುಗಡೆ ಡಿಕ್ಕಿ ಅನ್ನೋದು ಬೇರೆಯಾಗಿ ಎದ್ದು ಕಾಣ್ಬೇಕು. ನಮ್ಮ ಕುಲಕ್ಕೆ ಎರಡೂ ಇಲ್ಲ. ಟಾಟಾದವ್ರು 1992ರಲ್ಲಿ ಎಸ್ಟೇಟ್ ಬಿಟ್ಟು ನೋಡಿದ್ರು, ಆಮೇಲೆ ಇಂಡಿಗೋ ಮರೀನಾ ಬಿಟ್ರು. ಸ್ಕೋಡಾದವ್ರು ಆಕ್ಟೇವಿಯಾ ಕಾಂಬಿ ತಂದ್ರು. ಒಬ್ಬರೂ ನೆಲೆ ನಿಲ್ಲಲಿಲ್ಲ. ಮೊನ್ನೆ ಒಂದು ಕುಟುಂಬ ನನ್ನ ನೋಡೋಕೆ ಬಂದಿತ್ತು. ಮಗನಿಗೆ ಇಷ್ಟ, ಸೊಸೆಗೆ ಇಷ್ಟ. ಅಜ್ಜಿ ಹಿಂದಿನ ಬಾಗಿಲು ಎತ್ತಿಸಿ, ಉದ್ದಕ್ಕೂ ಕಣ್ಣಾಡಿಸಿ, ‘ಇದು ಹೆಣ ಸಾಗ್ಸೋ ಗಾಡಿ ಕಣೋ’ ಅಂದ್ಬಿಟ್ರು. ಅಲ್ಲಿಗೆ ವ್ಯಾಪಾರ ಮುರೀತು.

ನಾವು: ಆ ಹಿಂಭಾಗದಲ್ಲಿ ನಿಜಕ್ಕೂ ಏನು ಹಿಡಿಯುತ್ತದೆ?

ಗಾಡಿ: ಐದು ಜನ ಕೂತ ಮೇಲೂ 560 ಲೀಟರ್ ಜಾಗ. ಸೀಟು ಮಡಚಿದ್ರೆ ಸಾವಿರದೈನೂರು ದಾಟುತ್ತೆ. ಊರಿಂದ ಬರುವಾಗ ತೆಂಗಿನಕಾಯಿ ಮೂಟೆ, ಎರಡು ಹಲಸಿನಹಣ್ಣು, ಅಕ್ಕಿ, ಅಮ್ಮನ ಗ್ರೈಂಡರ್ ಎಲ್ಲಾ ಆರಾಮಾಗಿ ಹೋಗುತ್ತೆ. ಇನ್ನೊಂದು ಮಾತು ಯಾರೂ ಹೇಳಲ್ಲ, ಕೇಳ್ಕೊಳ್ಳಿ. ಮಂಡಿ ನೋವಿರೋ ಹಿರಿಯರು ಎಸ್‌ಯುವಿ ಹತ್ತುವಾಗ ಬಾಗಿಲ ಮೇಲಿನ ಹಿಡಿ ಹಿಡ್ಕೊಂಡು ಜೋತಾಡ್ತಾರೆ. ನನ್ನ ಸೀಟಿಗೆ ಹತ್ತೋದೂ ಬೇಡ, ಸಣ್ಣ ಕಾರಿಗೆ ಕುಸಿದಂತೆ ಕುಸಿಯೋದೂ ಬೇಡ; ಹಾಗೇ ಪಕ್ಕಕ್ಕೆ ಸರಿದು ಕೂತ್ರಾಯ್ತು. ಸಂಸಾರಕ್ಕೆ ಬೇಕಾದ್ದು ಇದೇ. ಆದ್ರೆ ಸಂಸಾರದ ಗಾಡಿ ಆರಿಸೋದು ಸಂಸಾರ ಅಲ್ವಲ್ಲ, ಎದುರು ಮನೆಯವ್ರ ಕಣ್ಣು.

ನಾವು: ತಗ್ಗಾಗಿ ಕಾಣುತ್ತೀರಿ. ನಮ್ಮ ಹಂಪುಗಳಿಗೆ ಹೊಟ್ಟೆ ಉಜ್ಜುವುದಿಲ್ಲವೇ?

ಗಾಡಿ: ನೋಡೋಕೆ ತಗ್ಗು, ಅಷ್ಟೆ. ನೆಲದಿಂದ ನನ್ನ ಹೊಟ್ಟೆಗೆ 210 ಮಿಲಿಮೀಟರ್, ಅಂದ್ರೆ 21 ಸೆಂಟಿಮೀಟರ್. ನಿಮ್ಮ ಇನ್ನೋವಾಗೂ ಅಷ್ಟಿಲ್ಲ. ಕಾಂಗ್ರೆಸ್ ನಿಯಮದ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್. ಪಕ್ಷ ಅಲ್ಲ ಸ್ವಾಮಿ, ಇಂಡಿಯನ್ ರೋಡ್ಸ್ ಕಾಂಗ್ರೆಸ್. ಲೆಕ್ಕದ ಪ್ರಕಾರ ಹಂಪೂ ನಾನೂ ಸುಖವಾಗಿರ್ಬೇಕು. ಆದ್ರೆ ನಿಮ್ಮ ಬೀದಿ ಹಂಪನ್ನ ಕಾಂಗ್ರೆಸ್ಸಿನವ್ರು ಹಾಕಿಲ್ಲ, ಮೂಲೆ ಮನೆಯವ್ರು ರಾತ್ರೋರಾತ್ರಿ ಸಿಮೆಂಟು ತರಿಸಿ ಹಾಕ್ಸಿದ್ದಾರೆ. ಅದಕ್ಕೆ ಸ್ವೀಡನ್ನಲ್ಲಿ ಪರೀಕ್ಷೆ ಇರಲಿಲ್ಲ.

ನಾವು: ಏಳು ಸೀಟು ಇದೆಯೇ?

ಗಾಡಿ: ಐದು.

ನಾವು: ಓಹ್.

ಗಾಡಿ: ಈ ‘ಓಹ್’ ಎಷ್ಟು ಸಲ ಕೇಳಿಲ್ಲ ನಾನು! ಮನೇಲಿ ಇರೋದು ನಾಲ್ಕು ಜನ. ಏಳು ಸೀಟು ಯಾಕೆ? ವರ್ಷಕ್ಕೊಂದ್ಸಲ ಧರ್ಮಸ್ಥಳಕ್ಕೆ ಜೊತೆಗೆ ಬರೋ ಷಡ್ಡಕನ ಸಂಸಾರಕ್ಕೆ. ಮಿಕ್ಕ 364 ದಿನ ಆ ಷಡ್ಡಕನ ಸೀಟನ್ನ ಡೀಸೆಲ್ ಸುಟ್ಟು ಹೊತ್ಕೊಂಡು ತಿರುಗ್ತಾರೆ. ಅದೂ ಷಡ್ಡಕನ ಜೊತೆ ಮಾತು ಬಿಟ್ಟು ಎಷ್ಟೋ ಕಾಲ ಆಗಿರುತ್ತೆ.

ನಾವು: ಬೆಲೆಗೆ ಬರೋಣ. 60 ಲಕ್ಷದ ಗಾಡಿ ಈಗ ಹೊಸ ಇನ್ನೋವಾ ಬೆಲೆಗೆ ಪೈಪೋಟಿ ಕೊಡುತ್ತಿದೆ. ಇಷ್ಟು ಅಗ್ಗ ಹೇಗೆ?

ಗಾಡಿ: ವಿಮೆಯವ್ರ ಪಟ್ಟಿ ನೋಡಿ, ಗೊತ್ತಾಗುತ್ತೆ. ಶೋರೂಮಿಂದ ಹೊರಬಂದ ಆರು ತಿಂಗಳಿಗೇ ಬೆಲೆಯಲ್ಲಿ 5 ಪರ್ಸೆಂಟ್ ಕಳೀತಾರೆ. ವರ್ಷಕ್ಕೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ನಾನೇನೂ ತಪ್ಪು ಮಾಡ್ದೆ, ಸುಮ್ನೆ ಬಾಳಿದ್ದಕ್ಕೇ 30 ಲಕ್ಷ ಹೋಯ್ತು. ಐದರ ಮೇಲೆ ಪಟ್ಟಿಯೂ ಇಲ್ಲ. ನೀವೂ ವಿಮೆಯವ್ರೂ ಕೂತು ಮಾತಾಡ್ಕೋಬೇಕು. ಜೊತೆಗೆ ವ್ಯಾಗನ್ ಅನ್ನೋ ಕಳಂಕ ಬೇರೆ.

ಆದ್ರೆ ಒಂದು ವಿಷ್ಯ. ನನ್ನ ಬೆಲೆ ಬಿದ್ದಿದೆ ಅನ್ನೋ ಸುದ್ದಿ ನನ್ನ ಹೆಡ್‌ಲೈಟಿಗೆ ಇನ್ನೂ ತಲುಪಿಲ್ಲ. ಟೈರಿಗೂ ತಲುಪಿಲ್ಲ, ಬ್ರೇಕಿಗೂ ತಲುಪಿಲ್ಲ. ಅವೆಲ್ಲ ಇನ್ನೂ 60 ಲಕ್ಷದ ಮನೆತನದ ಗತ್ತಿನಲ್ಲೇ ಇವೆ. ಇನ್ನೋವಾ ಕೆಟ್ರೆ ಚನ್ನರಾಯಪಟ್ಟಣದಲ್ಲಿ ಒಬ್ಬ ಸ್ಪ್ಯಾನರ್ ಹಿಡ್ಕೊಂಡು ಬರ್ತಾನೆ. ನಾನು ಕೆಟ್ರೆ ಮೊದಲು ಕಂಪ್ಯೂಟರ್ ಬರ್ಬೇಕು, ಆಮೇಲೆ ಸಾಮಾನಿಗೆ ಆರ್ಡರ್ ಹಾಕ್ಬೇಕು, ಅಲ್ಲಿವರೆಗೂ ನೀವು ಆಟೋದಲ್ಲಿ ಓಡಾಡ್ಬೇಕು. ಗಾಡಿ ಸೆಕೆಂಡ್ ಹ್ಯಾಂಡು, ಬಿಲ್ಲು ಯಾವತ್ತೂ ಫಸ್ಟ್ ಹ್ಯಾಂಡೇ.

ನಾವು: ದೆಹಲಿ ಬಿಟ್ಟು ಬಂದದ್ದೇಕೆ?

ಗಾಡಿ: ಬಿಟ್ಟು ಬಂದದ್ದಲ್ಲ, ಓಡಿಸಿದ್ದು. ದೆಹಲಿ ಸುತ್ತಮುತ್ತ ಡೀಸೆಲ್ ಗಾಡಿಗೆ ಹತ್ತು ವರ್ಷವೇ ಆಯುಸ್ಸು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಹೂಂ ಅಂತು. ಹತ್ತು ಹತ್ರ ಬರ್ತಿದ್ದ ಹಾಗೆ ಮಾಲೀಕ್ರು ನನ್ನ ಕಡೆ ನೋಡೋದೇ ಬದಲಾಯ್ತು. 2025ರಲ್ಲಿ ಕೋರ್ಟು ಕೊಂಚ ಉಸಿರಾಡೋಕೆ ಬಿಟ್ಟಿತು ನಿಜ, ಆದ್ರೆ ಅಷ್ಟೊತ್ತಿಗೆ ನಾನು ಟ್ರೇಲರ್ ಮೇಲೆ ನಾಗಪುರ ದಾಟಿದ್ದೆ.

ನಾವು: ಅಂದರೆ ಕೊಳ್ಳುವವರಿಗೆ ದೆಹಲಿ ಗಾಡಿ ಲಾಭವೇ?

ಗಾಡಿ: ಬ್ರೋಕರ್ ಹೇಳೋ ಬೆಲೆಯಲ್ಲಿ ಲಾಭ. ಆಮೇಲೆ ಇದೆ ಹಬ್ಬ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ರೆ ನಂಬರ್ ಬದಲಾಯಿಸ್ಲೇಬೇಕು. ದೆಹಲಿಯಿಂದ ಎನ್‌ಒಸಿ ತರ್ಬೇಕು, ಫಾರಂ 28. ಅದಾದ್ಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸು. 20 ಲಕ್ಷದ ಮೇಲಿನ ಕಾರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್ಸು. ನೀವು ಎಷ್ಟಕ್ಕೆ ಕೊಂಡ್ರಿ ಅನ್ನೋದು ಅವ್ರಿಗೆ ಬೇಡ. ನಾನು ಹೊಸಬನಾಗಿದ್ದಾಗ ಇದ್ದ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಒಂದಿಷ್ಟು ಬಿಟ್ಟು, ಲೆಕ್ಕ ಹಾಕ್ತಾರೆ. 60 ಲಕ್ಷಕ್ಕೆ 18 ಅಂದ್ರೆ 10 ಲಕ್ಷ 80 ಸಾವಿರ. ಅಲ್ಲಿಂದ ಇಳಿಸ್ಕೊಂಡು ಬನ್ನಿ. ಮಾರುಕಟ್ಟೆಯಲ್ಲಿ ನಾನು ಮುದುಕ, ಆರ್‌ಟಿಒ ಕಚೇರಿಯಲ್ಲಿ ಮಾತ್ರ ಇನ್ನೂ ರಾಜಕುಮಾರ.

ಡೀಲರ್ ಲಾಭದ ಮೇಲೂ 18 ಪರ್ಸೆಂಟ್ ಜಿಎಸ್‌ಟಿ. ಹದಿನೆಂಟು ಅಂದ್ರೆ ನನ್ನ ಪಾಲಿಗೆ ರಾಶಿ ಸಂಖ್ಯೆ ಇದ್ದ ಹಾಗೆ.

ನಾವು: ಹೊರರಾಜ್ಯದ ನಂಬರಿನಲ್ಲೇ ಓಡಿಸುವವರು ಬೇಕಾದಷ್ಟು ಜನ ಇದ್ದಾರಲ್ಲ?

ಗಾಡಿ: ಇದ್ರು. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿ ಇದೇ ಬೆಂಗಳೂರಲ್ಲಿ 1.4 ಕೋಟಿಗೂ ಮೇಲೆ ತೆರಿಗೆ ಕಟ್ತು. ಆ ಸುದ್ದಿ ಬಂದ ದಿನ ಈ ಅಂಗಳದಲ್ಲಿ ಅರ್ಧ ಗಾಡಿಗಳಿಗೆ ಬ್ಯಾಟರಿ ಡೌನ್.

ನಾವು: ‘ಡಾಕ್ಟರ್ ಗಾಡಿ’ ಅನ್ನುವುದು?

ಗಾಡಿ: ಈ ಸಾಲಿನಲ್ಲಿರೋ ಅಷ್ಟೂ ಡಾಕ್ಟರ್ ಗಾಡಿಗಳನ್ನ ಲೆಕ್ಕ ಹಾಕಿದ್ರೆ ದೇಶದಲ್ಲಿ ಚಿಕಿತ್ಸೆ ಕೊಡೋಕೆ ಯಾರೂ ಉಳಿದಿಲ್ಲ, ಎಲ್ರೂ ಕಾರು ಮಾರ್ತಾ ಕೂತಿದ್ದಾರೆ ಅನ್ಬೇಕು. ನಮ್ಮ ಮಾಲೀಕ್ರದು ಟೈಲ್ಸ್ ಅಂಗಡಿ. ಸಿಂಗಲ್ ಓನರ್ ಅನ್ನೋದು ನಿಜ. ಅವ್ರ ಭಾವಮೈದ ಹಿಂದಿ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದ್ದಾರೆ. ಡಾಕ್ಟರ್ ಬಂದದ್ದು ಆ ದಾರಿಯಲ್ಲಿ.

ನಾವು: ಮೀಟರಿನಲ್ಲಿ ನಲವತ್ತೆರಡು ಸಾವಿರ ಕಿಲೋಮೀಟರ್ ಇದೆ.

ಗಾಡಿ: ಹೋದ ತಿಂಗಳು ಎಷ್ಟಿತ್ತು ಅಂತ ಕೇಳಿ! ಮೀಟರ್ ನೋಡ್ಬೇಡಿ ಸ್ವಾಮಿ, ಮೈ ನೋಡಿ. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ಯಾ? ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ಕುಸಿದಿದ್ಯಾ? ಸ್ಟೀರಿಂಗ್ ಚರ್ಮ ಮಿಂಚ್ತಿದ್ಯಾ? ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತೆ. 2217 ಅಂದ್ರೆ 2017ನೇ ಇಸವಿಯ 22ನೇ ವಾರ ತಯಾರಾದ ಟೈರು. ‘ಹೊಸಾ ಟೈರ್ ಸಾರ್’ ಅಂತ ಬ್ರೋಕರ್ ಅಂದಾಗ ಸುಮ್ನೆ ಬಗ್ಗಿ ಆ ನಾಲ್ಕಂಕಿ ಓದಿ. ಸರ್ವಿಸ್ ದಾಖಲೆ ತರಿಸಿ, ತಾರೀಖಿನ ಜೊತೆಗೆ ಕಿಲೋಮೀಟರ್ ಹೇಗೆ ಏರಿದೆ ನೋಡಿ. ಏರಿದ್ದು ಒಂದ್ಕಡೆ ಇಳಿದಿದ್ರೆ ಎದ್ದು ಮನೆಗೆ ಹೋಗಿ.

ನಾವು: ನೀರಿನಲ್ಲಿ ಮುಳುಗಿದ ಗಾಡಿಯನ್ನು ಗುರುತಿಸುವುದು ಹೇಗೆ?

ಗಾಡಿ: ಸ್ವಲ್ಪ ಮೆಲ್ಲಗೆ ಮಾತಾಡಿ, ಪಕ್ಕದಲ್ಲಿರೋ ಆ ಬಿಳಿಯವಳಿಗೆ ಬೇಜಾರಾಗುತ್ತೆ. 2022ರ ಸೆಪ್ಟೆಂಬರಲ್ಲಿ ಯಮಲೂರು ಕಡೆ ವಿಲ್ಲಾಗಳಿಗೇ ನೀರು ನುಗ್ಗಿ ಕೋಟಿ ಬೆಲೆಯ ಗಾಡಿಗಳು ತೇಲಾಡಿದ್ವಲ್ಲ, ಅವೆಲ್ಲ ಎಲ್ಲಿಗೆ ಹೋದ್ವು ಅಂತ ಒಬ್ರಾದ್ರೂ ಕೇಳಿದ್ರಾ? ತೊಳೆದು ಸೆಂಟು ಹೊಡೆದ್ರೆ ಮೇಲ್ನೋಟಕ್ಕೆ ಏನೂ ಕಾಣಲ್ಲ. ಸೀಟ್ ಬೆಲ್ಟನ್ನ ಕೊನೇವರೆಗೂ ಎಳೀರಿ. ತುದಿಯಲ್ಲಿ ಕೆಸರಿನ ಗೆರೆ ಇದ್ರೆ ಅದು ಈಜಿ ಬಂದ ಗಾಡಿ. ಸ್ಟೆಪ್ನಿ ಇಡೋ ಗುಂಡಿ, ಸೀಟಿನ ಕೆಳಗಿನ ಕಂಬಿ, ಇವೆರಡನ್ನೂ ತೊಳೆಯೋಕೆ ಯಾರಿಗೂ ನೆನಪಿರಲ್ಲ.

ನಾವು: ಸೀಟ್ ಬೆಲ್ಟ್ ಅಂದಿರಿ. ಸುರಕ್ಷತೆಗೆ ನಿಮ್ಮ ಮನೆತನ ಹೆಸರುವಾಸಿ.

ಗಾಡಿ: ಮೂರು ಕಡೆ ಬಿಗಿಯೋ ಬೆಲ್ಟನ್ನ 1959ರಲ್ಲಿ ತಂದದ್ದು ನಮ್ಮ ಇಂಜಿನಿಯರ್ ನಿಲ್ಸ್ ಬೋಲಿನ್. ಪೇಟೆಂಟನ್ನ ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ರು, ಎಲ್ಲರ ಜೀವವೂ ಉಳೀಲಿ ಅಂತ. ನೋಡೋಕೆ ಬರೋರು ಇದನ್ನ ಕೇಳಿ ತಲೆದೂಗ್ತಾರೆ. ಆಮೇಲೆ ಟೆಸ್ಟ್ ಡ್ರೈವಿಗೆ ಹೊರಡ್ತಾರೆ. ಹಿಂದಿನ ಬೆಲ್ಟುಗಳು ಸೀಟ್ ಕವರಿನ ಅಡಿಯಲ್ಲಿ ಸಮಾಧಿ. ಕೈಕೂಸು ಅಪ್ಪನ ತೊಡೆ ಮೇಲೆ, ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ. ದೊಡ್ಡ ಮಗ ಮೇಲಿನ ಗಾಜು ಸರಿಸಿ, ತಲೆ ಹೊರಗೆ ಹಾಕಿ ‘ಹೋ’ ಅಂತಾನೆ. ಅಮ್ಮ ವಿಡಿಯೋ ಮಾಡ್ತಾರೆ. ಬೋಲಿನ್ ಬದುಕಿದ್ದಿದ್ರೆ ಪೇಟೆಂಟ್ ವಾಪಸ್ ತಗೋತಿದ್ರು.

ನಾವು: ನಾಲ್ಕೂ ಚಕ್ರಕ್ಕೆ ಎಳೆತ, 235 ಅಶ್ವಶಕ್ತಿ. ಉಪಯೋಗಕ್ಕೆ ಬಂದಿದೆಯೇ?

ಗಾಡಿ: ಹಿಮದ ಮೇಲೆ ಜಾರದಿರಲಿ ಅಂತ ಮಾಡಿದ್ದು. ಮಾಲ್‌ನ ಬೇಸ್‌ಮೆಂಟ್ ರ‍್ಯಾಂಪು ಹತ್ತೋಕೆ ಬಳಸಿದ್ದೀನಿ.

ನಾವು: ಪೂಜೆ ಮಾಡಿಸಿದರೆ ಅಭ್ಯಂತರ ಇಲ್ಲವಷ್ಟೇ?

ಗಾಡಿ: ಧಾರಾಳವಾಗಿ ಮಾಡ್ಸಿ. ನಿಂಬೆಹಣ್ಣು ನಾಲ್ಕು ಬೇಕಾಗುತ್ತೆ, ಟೈರಿಗೆ ಹೋಲಿಸಿದ್ರೆ ಅದೊಂದೇ ಅಗ್ಗದ ಬಾಬ್ತು. ಹಿಂದಿನ ಕ್ಯಾಮೆರಾಗೆ ಗಂಧ ಮೆತ್ತಬೇಡಿ. ಬಾಳೆಕಂದನ್ನ ಮುಂದೆ ಕಟ್ಟಿದ್ರೆ ಸೆನ್ಸಾರ್ ಎದುರಿಗೆ ಯಾರೋ ನಿಂತಿದ್ದಾರೆ ಅಂತ ದಾರಿಯುದ್ದಕ್ಕೂ ಕೂಗ್ತಿರುತ್ತೆ.

ನಾವು: ಬ್ರೋಕರ್ ಕೈ ತೊಳೆದು ಬರುತ್ತಿದ್ದಾರೆ. ಕೊಳ್ಳಬೇಕೆಂದಿರುವ ಓದುಗರಿಗೆ ಕೊನೆಯ ಮಾತು?

ಗಾಡಿ: ಬೇಗ ಹೇಳ್ಬಿಡ್ತೀನಿ. ಒಬ್ರೇ ಬರ್ಬೇಡಿ, ಅಮ್ಮನ್ನ ಕರ್ಕೊಂಡು ಬಂದು ಕೂರಿಸಿ ನೋಡಿ. ಟೇಪು ತನ್ನಿ, ನನ್ನ ಉದ್ದ ಐದು ಮೀಟರಿಗೆ ಆರೇ ಸೆಂಟಿಮೀಟರ್ ಕಮ್ಮಿ, ನಿಮ್ಮ ಪಾರ್ಕಿಂಗ್ ಅಳೆದುಕೊಂಡೇ ಮಾತಾಡಿ. ಒಂದು ಟೈರು, ಒಂದು ಹೆಡ್‌ಲೈಟು, ಒಂದು ವರ್ಷದ ವಿಮೆ, ಇಲ್ಲಿನ ಟ್ಯಾಕ್ಸು, ಇಷ್ಟನ್ನೂ ಚೀಟಿಯಲ್ಲಿ ಬರೆದು ನನ್ನ ಬೆಲೆಗೆ ಕೂಡಿಸಿ. ಆ ಮೊತ್ತ ನೋಡಿದ ಮೇಲೂ ನಗ್ತಿದ್ರೆ ನನ್ನನ್ನ ಕರ್ಕೊಂಡು ಹೋಗಿ, ಮೋಸ ಮಾಡಲ್ಲ. ಮಾಲೀಕತ್ವ ಬದಲಾಯಿಸೋ ಫಾರಂ 29, 30ಕ್ಕೆ ಸಹಿ ಹಾಕಿಸ್ಕೊಂಡು ಬೀರುವಿನಲ್ಲಿ ಇಟ್ಟು ಮರೀಬೇಡಿ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು. ಇಲ್ಲಾಂದ್ರೆ ಜಯನಗರದಲ್ಲಿ ಸಿಗ್ನಲ್ ಜಂಪ್ ಮಾಡೋದು ನೀವು, ದಂಡದ ನೋಟಿಸ್ ಹೋಗೋದು ದೆಹಲಿಯ ಟೈಲ್ಸ್ ಅಂಗಡಿಗೆ.